ಕರೆದವಳು ಬರುವ ತನಕ

ಮಾರ್ಚ್ ೩, ಸೋಮವಾರ

ಸೊಸಾಯಿಟಿಯ ಡೈರಿ ಈ ವರ್ಷವೂ ನಮ್ಮ ಯಜಮಾನರ ಹೆಸರಿಗೇ ಬಂದಿದೆ. ಹೋಗಿ ಒಂದೂವರೆ ವರ್ಷವಾದರೂ ಸೊಸಾಯಿಟಿಯ ಮಟ್ಟಿಗೆ ಅವರು ಇನ್ನೂ ಇದ್ದಾರೆ. ಜನವರಿಯಲ್ಲಿ ಬರಬೇಕಾದ ಡೈರಿ ಮಾರ್ಚಿಗೆ ಬಂತು ನೋಡು ಎಂದು ಮಗ ಧೀರೇಂದ್ರ ಅದನ್ನು ರದ್ದಿಗೆ ಹಾಕಲು ಹೊರಟಿದ್ದ. ಕಸಿದುಕೊಂಡೆ. ಮೇಲೆ ಅಂಟಿಸಿದ ಹೆಸರಿನ ಚೀಟಿಯನ್ನು ಕಿತ್ತಿಲ್ಲ. ಒಳಗೆ ನಾನು ಬರೆಯುತ್ತಿದ್ದೇನೆ. ಬರೆಯಲು ಏನಿದೆ ಎಂದು ಕೇಳಿದರೆ ಇವತ್ತು ಇದೆ.

ಶಿಗ್ಗಾಂವದಿಂದ ಮೈದುನ ಸುಯಮೀಂದ್ರ, ನೆಗೆಣ್ಣಿ ಅಂಬುಜಾ ಬಂದಿದ್ದರು. ಅವರ ಮಗಳು ಸಂಪದಾಳ ಮದುವೆ ಗೊತ್ತಾಗಿದೆ. ಅಕ್ಷಯ ತೃತೀಯದ ದಿನ, ಶಿಗ್ಗಾಂವದಲ್ಲಿ, ಹೆದ್ದಾರಿ ಪಕ್ಕದ ಮಂಟಪದಲ್ಲಿ. ಹುಡುಗ ವಕೀಲ. ಸುಯಮೀಂದ್ರನೂ ವಕೀಲ. ಮಾವ ಅಳಿಯ ಕೂಡಿ ಇನ್ನು ಯಾರ ಯಾರ ಮನೆ ಮುರಿಯುತ್ತಾರೋ ಎಂದೆ, ನಕ್ಕರು. ನಗಿಸುವುದಕ್ಕೆ ನನಗೆ ಇನ್ನೂ ಅಡ್ಡಿಯಿಲ್ಲ.

ಚಹ ಕುಡಿದ ಮೇಲೆ ಸುಯಮೀಂದ್ರ ವಿಷಯಕ್ಕೆ ಬಂದ. “ವೈನಿ, ಹಾಡು ಮಾತ್ರ ನಿಮ್ಮವ ಆಗಬೇಕು ನೋಡ್ರಿ. ನಮ್ಮ ಮನೆತನದ ಪರಂಪರಾ ಅದು.”

ಮೂವತ್ತು ವರ್ಷ ಹಾನಗಲ್ಲು, ಸವಣೂರು, ಶಿಗ್ಗಾಂವ, ಹಿರೇಕೆರೂರು ಎಂದು ನಮ್ಮವರ ಯಾವ ಮನೆಯಲ್ಲಿ ಮದುವೆಯಾದರೂ ಹಸೆಯ ಮುಂದೆ ಕೂತು ಹಾಡಿದವಳು ನಾನು. ಅತ್ತೆ ಕಲಿಸಿದ ಹಾಡು, ಅವರಿಗೆ ಅವರ ಅತ್ತೆ. ಅವನು ಕೇಳಿದ್ದರಲ್ಲಿ ವಿಶೇಷವೇನೂ ಇರಲಿಲ್ಲ. “ಅದಕ್ಕೇನಪ್ಪಾ, ಹಾಡ್ತೇನಿ,” ಎಂದೆ. ನಿಜವಾದ ಮಾತನ್ನು ಅಂಬುಜಾ ನೆಲ ನೋಡುತ್ತ ಹೇಳಿದಳು.

“ನಿಮ್ಮ ಸೊಸಿ ದೀಪ್ತಿ ಮೊಬೈಲಿನ್ಯಾಗ ರೆಕಾರ್ಡ್ ಮಾಡಿಕೊಡ್ತಾಳಂತ ಅಕ್ಕಾರ. ಅಲ್ಲಿ ಸ್ಪೀಕರ್ ಬಾಕ್ಸಿಗೆ ಹಚ್ಚಿಬಿಟ್ರಾತು. ನಿಮಗ ಸುಮ್ಮನ ಯಾಕ ತ್ರಾಸ?”

ತ್ರಾಸ. ಎಷ್ಟು ಸಭ್ಯ ಶಬ್ದ. ಗಂಡ ಸತ್ತವಳು ಹಸೆಯ ಮುಂದೆ ಕೂತು ಹಾಡಬಾರದು ಎಂಬುದನ್ನು ಇಷ್ಟು ಮೆತ್ತಗೆ ಹೇಳಬಹುದು ಎಂದು ನನಗೆ ಗೊತ್ತಿರಲಿಲ್ಲ. ಹೋದ ದೀಪಾವಳಿಗೆ ವರ್ಷಾಂತ ಮುಗಿದಿದೆ, ಹಾಗಾಗಿ ಸೂತಕದ ನೆಪವೂ ಇಲ್ಲ. ಬರೇ ತ್ರಾಸ.

ನಾನೇನೂ ಬೇಸರ ಮಾಡಿಕೊಂಡಿಲ್ಲ. ಪದ್ಧತಿ ಎಂದರೆ ಪದ್ಧತಿ. ನಾನು ಪದ್ಧತಿ ಬಿಟ್ಟವಳಲ್ಲ.

ಮಾರ್ಚ್ ೧೦, ಸೋಮವಾರ, ಏಕಾದಶಿ

ಉಪವಾಸದ ದಿನ ಧ್ವನಿ ಹಗುರ ಇರುತ್ತದೆ. ದೀಪ್ತಿಗೆ ಮಧ್ಯಾಹ್ನದ ಮೇಲೆ ಕ್ಲಾಸ್ ಇರಲಿಲ್ಲ, ಶಿಗ್ಗಾಂವದ ಕಾಲೇಜಿನಿಂದ ಲಗೂನೆ ಬಂದಳು. ನನ್ನ ಸೊಸೆ ಅಲ್ಲಿ ಕನ್ನಡ ಕಲಿಸುತ್ತಾಳೆ. ಒಳ್ಳೆಯ ಹುಡುಗಿ. ‘ಪರಂಪರೆ’ ಎನ್ನುವಾಗ ಮಾತ್ರ ಅವಳ ಕಣ್ಣು ಗುಡಿಯಲ್ಲಿ ಕೈಮುಗಿದವರ ಹಾಗೆ ಅರ್ಧ ಮುಚ್ಚುತ್ತದೆ, ಅದು ನನಗೆ ಆಗುವುದಿಲ್ಲ.

ಫ್ಯಾನ್ ಬಂದ್ ಮಾಡಿದಳು. ಕಿಡಕಿ ಮುಚ್ಚಿದಳು. ಬಾಜೂ ಮನೆಯ ಕುಕ್ಕರ್ ಸೀಟಿ ಮುಗಿಯುವ ತನಕ ಕಾದಳು. ಮೊಬೈಲನ್ನು ತಂಬಿಗೆಗೆ ಆನಿಸಿ ನನ್ನ ಮುಂದೆ ಇಟ್ಟಳು. ಹಾಡಲಿಕ್ಕೆ ಎದುರಿಗೆ ಒಂದು ಹೆಣ್ಣಿನ ಮುಖ ಬೇಕು, ಅರಿಷಿಣ ಹತ್ತಿದ ಮುಖ, ಒಳಗೊಳಗೆ ಅಂಜಿದ ಮುಖ. ತಂಬಿಗೆಯನ್ನು ನೋಡಿ ಹಾಡಿದೆ.

ಮದುಮಗಳು ಊರಿಗೆ ಬರುವ ಹಾಡು ಮುಗಿದ ಮೇಲೆ ದೀಪ್ತಿ ಹುಬ್ಬು ಗಂಟಿಕ್ಕಿದಳು. “ಅತ್ತ್ಯಾರ, ನನ್ನ ಮದುವ್ಯಾಗ ನೀವು ಬ್ಯಾರೆ ಹಾಡಿದ್ರಿ.”

“ನಾನು ಒಂದಕ್ಷರ ಬದಲಿ ಮಾಡಿಲ್ಲ. ನಮ್ಮ ಅತ್ತಿ ಹೆಂಗ ಕಲಿಸ್ಯಾರೋ ಹಂಗ.”

ಅವಳು ಬಿಡುವವಳೇ? ತನ್ನ ಮದುವೆಯ ವೀಡಿಯೋ ತೆಗೆದಳು. ಅದರಲ್ಲಿ ನಾನಿದ್ದೆ, ಹಸಿರು ಇಳಕಲ್ ಸೀರೆ, ಹಣೆ ತುಂಬ ಕುಂಕುಮ, ಕತ್ತು ಎತ್ತಿ ಹಾಡುತ್ತಿದ್ದೆ. ‘ಹುಬ್ಬಳ್ಳಿ ಬಸ್ಸಿನಾಗ ಕಿಡಕೀಯ ಬಾಜೂಕ ಕುಂತು ಬಂದಾಳ ನಮ್ಮ ಸೊಸಿ.’ ಇವತ್ತು ಹಾಡಿದ್ದು ‘ಎತ್ತೀನ ಬಂಡ್ಯಾಗ’.

“ನೋಡ್ರಿ,” ಎಂದಳು ದೀಪ್ತಿ, ಕಳ್ಳನನ್ನು ಹಿಡಿದವಳ ಹಾಗೆ.

“ಏನು ನೋಡೂದು? ನೀ ಹುಬ್ಬಳ್ಳಿಯಿಂದ ಬಸ್ಸಿನಾಗ ಬಂದಿದ್ದಿ. ಬಂಡ್ಯಾಗ ಬಂದ್ಲು ಅಂತ ಸುಳ್ಳು ಹೇಳಬೇಕಿತ್ತೇನು? ಹಾಡಿನ್ಯಾಗ ಸುಳ್ಳು ಹೇಳಬಾರದು.”

“ಹಂಗಾದ್ರ ಮೂಲ ಯಾವುದು?”

ಮೂಲ ಎಂದರೆ ಏನು ಎಂದು ಕೇಳಿದೆ. ಅವಳು ವಿವರಿಸಿದಳು. ಶಿಗ್ಗಾಂವದಲ್ಲಿ ಯಾವುದೋ ವಿಚಾರ ಸಂಕಿರಣವಂತೆ, ಅಲ್ಲಿ ಈ ಹಾಡುಗಳ ಬಗ್ಗೆ ಪ್ರಬಂಧ ಓದುತ್ತಾಳಂತೆ, ಮೂಲಪಾಠ ಸಿಗದಿದ್ದರೆ ತೊಂದರೆಯಂತೆ. ಅಡುಗೆ ತಣ್ಣಗಾದ ಮೇಲೆ ಯಾವ ಒಲೆಯ ಮೇಲೆ ಬೆಂದದ್ದು ಎಂದು ಕೇಳಿದ ಹಾಗಿತ್ತು. ತಲೆನೋವೆಂದು ಎದ್ದುಬಂದೆ.

ನಾನು ಒಂದಕ್ಷರವನ್ನೂ ಬದಲಿಸಿಲ್ಲ. ಬಸ್ಸು ಬೇರೆ ಮಾತು.

ಮಾರ್ಚ್ ೧೪, ಶುಕ್ರವಾರ

ಹೋಳಿ. ಓಣಿಯ ಹುಡುಗರು ಬೆಳಗಿನಿಂದ ಹಲಗೆ ಬಾರಿಸಿ ತಲೆ ತಿಂದರು. ಬಣ್ಣದ ಸೀರೆ ಉಟ್ಟವರೆಲ್ಲ ಬಾಗಿಲು ಹಾಕಿಕೊಂಡರು. ನನ್ನ ಬಾಗಿಲು ತೆರೆದೇ ಇತ್ತು, ಯಾರೂ ಎರಚಲಿಲ್ಲ.

ಮಾರ್ಚ್ ೨೦, ಗುರುವಾರ

ಇವತ್ತು ಕರೆಯುವ ಹಾಡು. ಎಲ್ಲಕ್ಕಿಂತ ದೊಡ್ಡದು ಅದು.

ಹುಡುಗಿಯನ್ನು ಹಸೆಮಣೆಯ ಮೇಲೆ ಕೂಡಿಸಿದ ಮೇಲೆ, ಮನೆಯ ಐವರು ಮುತ್ತೈದೆಯರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆಯುವ ಹಾಡು. ಮೊದಲು ಗಂಡನ ಹೆಸರು, ಆಮೇಲೆ ಹೆಂಡತಿಯದು. ಹೆಸರು ಬಂದವಳು ಆರತಿ ತಟ್ಟೆ ಹಿಡಿದು ಹೊಸ್ತಿಲು ದಾಟಿ ಬರಬೇಕು. ಅವಳು ಬರುವ ತನಕ ಹಾಡು ಆ ಸಾಲಿನಲ್ಲೇ ನಿಲ್ಲಬೇಕು, ಅದನ್ನೇ ತಿರುಗಿ ತಿರುಗಿ ಹಾಡಬೇಕು, ಮುಂದಿನ ಹೆಸರಿಗೆ ಹೋಗಬಾರದು. ನಮ್ಮ ಮನೆತನದ ಪದ್ಧತಿ ಇದು, ಬೇರೆ ಕಡೆ ಹೇಗೋ ತಿಳಿಯದು. ಒಮ್ಮೆ ಸವಣೂರಿನ ಮದುವೆಯಲ್ಲಿ ಹೆಸರು ಬಂದವಳು ಮಾಳಿಗೆಯ ಮೇಲೆ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಕೂಸು ಬಿಡಲೊಲ್ಲದು, ನಾವು ಸಾಲು ಬಿಡಲೊಲ್ಲೆವು. ಭಟ್ಟರು ಮುಹೂರ್ತ ಮೀರುತ್ತದೆ ಎಂದು ಚಡಪಡಿಸಿದರು. ಅತ್ತೆಯವರು ಕಣ್ಣಲ್ಲೇ ಅವರನ್ನು ಸುಮ್ಮನಿರಿಸಿದರು. ಹೆಸರು ಹಿಡಿದು ಕರೆದ ಮೇಲೆ ಕಾಯದೆ ಹೋಗುವುದು ಕರೆಯದೆ ಇರುವುದಕ್ಕಿಂತ ಕೆಟ್ಟದ್ದು ಎಂದು ಆಮೇಲೆ ನನಗೆ ಹೇಳಿದ್ದರು.

ತಂಬಿಗೆಯ ಮುಂದೆ ಎಷ್ಟು ಹೊತ್ತು ಕಾಯಲಿ? “ಮೂರು ಮೂರು ಸಲ ಹಾಡ್ರಿ ಅತ್ತ್ಯಾರ, ಅಷ್ಟರಾಗ ಬರ್ತಾರ,” ಎಂದಳು ದೀಪ್ತಿ.

ಕಣ್ಣು ಮುಚ್ಚಿಕೊಂಡು ಶುರು ಮಾಡಿದೆ. ಮೊದಲ ಹೆಸರು ಯಾವಾಗಲೂ ಮನೆಯ ಹಿರೀ ಸೊಸೆಯದು, ಅಂದರೆ ನನ್ನದು; ಆ ಸಾಲನ್ನು ಹೊಸ್ತಿಲಾಚೆಯಿಂದ ಹಾಡುತ್ತಲೇ ಒಳಗೆ ಬಂದು ಕೂರುತ್ತಿದ್ದೆ.

ಯಾರು ಬಂದರು ಬಾಗಿಲಿಗೆ, ದೀಪ ಹಿಡಿದವರ್ಯಾರು
…ರ ಮಡದಿ ಕೃಷ್ಣಾಬಾಯಿ ಬಂದಾಳು
ದಾರಿ ಬಿಡಿರವ್ವ, ದಾರಿ ಬಿಡಿರಿ

ಹಾಡಿಬಿಟ್ಟೆ. ಮೂರು ಸಲವೂ. ಎರಡನೆಯ ಹೆಸರು, ಅಂಬುಜಾಳದು, ಅರ್ಧಕ್ಕೆ ಬಂದಾಗ ತಿಳಿಯಿತು ನಾನು ಏನು ಹಾಡಿದೆ ಎಂದು. ನಾಲಿಗೆಗೆ ಮೂವತ್ತು ವರ್ಷದ ರೂಢಿ, ನಾನೇನು ಮಾಡಲಿ? ನಿಲ್ಲಿಸದೆ ಕೊನೆಯ ತನಕ ಹೋದೆ. ದೀಪ್ತಿ ಮೊಬೈಲ್ ಎತ್ತಿಕೊಂಡು ಒಳಗೆ ಹೋದಳು, ಮೂಗು ಒರೆಸಿದ ಸಪ್ಪಳ ಬಂತು.

ಅವರ ಹೆಸರನ್ನು ನಾನು ಬಾಯಿಂದ ಆಡಿದವಳಲ್ಲ. ನಮ್ಮಲ್ಲಿ ಆಡಬಾರದು. ರೇಶನ್ ಕಾರ್ಡಿನವನು ಯಜಮಾನರ ಹೆಸರು ಏನ್ರಿ ಎಂದಾಗ ಧೀರೇಂದ್ರನನ್ನು ಮುಂದೆ ಮಾಡಿದ್ದೇನೆ. ಹಾಡಿನಲ್ಲಿ ಮಾತ್ರ ಮಾಫಿ. ಮದುವೆಮನೆಯಲ್ಲಿ ನೂರು ಜನರ ನಡುವೆ ಅವರ ಹೆಸರನ್ನು ಬಾಯಿ ತುಂಬ ಹೇಳುತ್ತಿದ್ದೆ. ಅವರು ಹೊರಗೆ ಪಡಸಾಲೆಯಲ್ಲಿ ಕೇಳಿಯೂ ಕೇಳದವರ ಹಾಗೆ ಪೇಪರ್ ಓದುತ್ತಿದ್ದರು, ಕಿವಿ ಮಾತ್ರ ಕೆಂಪಗಾಗುತ್ತಿತ್ತು. ಊರೂರು ತಿರುಗಿದ್ದು ಹಾಡಿಗಾಗಿಯೋ ಆ ಒಂದು ಹೆಸರಿಗಾಗಿಯೋ.

ಒಂದೂವರೆ ವರ್ಷದ ನಂತರ ಇವತ್ತು ಆಡಿದೆ. ಇಲ್ಲಿ ಬರೆಯುವುದಿಲ್ಲ. ಬರೆಯುವುದಕ್ಕೆ ಮಾಫಿ ಇದೆಯೋ ಇಲ್ಲವೋ ತಿಳಿಯದು.

ಮಾರ್ಚ್ ೩೦, ರವಿವಾರ, ಯುಗಾದಿ

ಬೇವು ಮೊದಲು ಬಾಯಿಗೆ ಬಂತು, ಆಮೇಲೆ ಅಂಬುಜಾಳ ಫೋನು.

“ಹಬ್ಬದ ದಿವಸ ಹೇಳಬಾರದು ಅಕ್ಕಾರ, ಆದ್ರ ಹಾಡು ಕೇಳಿದ್ವಿ. ಭಾಳ ಛಲೋ ಬಂದಾವ. ಆ ಕರಿಯೂ ಹಾಡಿನ್ಯಾಗ ಒಂದೀಟು...”

ಒಂದೀಟು ಏನು ಎಂದು ನಾನು ಕೇಳಲಿಲ್ಲ. ಅವಳೇ ಹೇಳಲಿ.

“ನಮಗೇನಿಲ್ಲರಿ. …ಅಣ್ಣಾರಂದ್ರ ನಮಗ ದೇವರಿದ್ದಂಗ. ಆದ್ರ ಮೊದಲನೇ ಹೆಸರ ಅವರದು ಬಂದ್ರ ಬೀಗರು ಏನಂದಾರು? ಸಂಪದಾನ ಬಾಳ್ವೆದ ಪ್ರಶ್ನಿ ನೋಡ್ರಿ. ನನ್ನ ಹೆಸರು ಮೊದಲು ಹಾಕಿ, ಐದನೇದಕ್ಕ ಹಿರೇಕೆರೂರಿನ ನಮ್ಮ ತಂಗೀದು ಹಾಕಿಬಿಡ್ರಿ.”

ಅವಳು ಎಷ್ಟು ಸರಳವಾಗಿ ಹೇಳಿದಳು ಆ ಹೆಸರನ್ನು. ಮೈದುನನ ಹೆಂಡತಿಗೆ ಆಡಲು ಅಡ್ಡಿಯಿಲ್ಲ.

ಆಗಲಿ ಎಂದೆ. ಫೋನಿಟ್ಟ ಮೇಲೆ ದೀಪ್ತಿ, “ಅತ್ತ್ಯಾರ, ತಿರುಗಿ ಹಾಡೂದು ಬ್ಯಾಡ್ರಿ, ಆ ಸಾಲು ಅಷ್ಟ ಕತ್ತರಿಸಿ ತಗೀತೇನಿ,” ಎಂದಳು. ಕತ್ತರಿಸಿ ಕೇಳಿಸಿದಳು ಕೂಡ. ಹಾಡು ಎಡವಿದ ಹಾಗಾಯಿತು, ಒಂದು ಹಲ್ಲು ಬಿದ್ದ ಬಾಯಿಯ ಹಾಗೆ. ಬೇಡ, ನಾನೇ ಹಾಡುತ್ತೇನೆ ಎಂದೆ. ಕೆಟ್ಟದಾಗಿ ಉಳಿಯುವುದಕ್ಕಿಂತ ನೆಟ್ಟಗೆ ಹೋಗುವುದು ವಾಸಿ.

ಹೋಳಿಗೆ ಚೆನ್ನಾಗಿ ಬಂದಿರಲಿಲ್ಲ. ಹೂರಣ ನೀರಾಗಿತ್ತು.

ಏಪ್ರಿಲ್ ೫, ಶನಿವಾರ

ಹಾಡಿದೆ. ಸುಯಮೀಂದ್ರರ ಮಡದಿ ಅಂಬುಜಾ, ಧೀರೇಂದ್ರರ ಮಡದಿ ದೀಪ್ತಿ, ಮತ್ತೆ ಉಳಿದ ಮೂವರು. ಐದು ಹೆಸರು ಸರಿಯಾಗಿ ಕೂತವು. ನನ್ನ ಬಾಯಿಂದಲೇ ನನ್ನನ್ನು ಹೊರಗೆ ಹಾಕಿದೆ, ಒಂದು ಸ್ವರವೂ ತಪ್ಪಲಿಲ್ಲ. ಅತ್ತೆ ಇದ್ದಿದ್ದರೆ ಭೇಷ್ ಎನ್ನುತ್ತಿದ್ದರು.

ದೀಪ್ತಿ ಮುಖ ಸಣ್ಣದು ಮಾಡಿ ಕೂತಿದ್ದಳು. “ಇದು ಸರಿ ಅಲ್ಲ ಅತ್ತ್ಯಾರ,” ಎಂದಳು. “ನಾನು ಸುಯಮೀಂದ್ರ ಕಾಕಾಗ ಹೇಳ್ತೇನಿ.”

“ಏನಂತ ಹೇಳ್ತಿ?”

“ನೀವ ಬಂದು ಹಾಡ್ತೀರಿ ಅಂತ.”

“ಪದ್ಧತಿ ನಿನಗ ಗೊತ್ತಿಲ್ಲ. ಪ್ರಬಂಧ ಬರಿ, ಹೋಗು.”

ಬೈದದ್ದು ಅವಳಿಗೆ ನಾಟಿತು. ರಾತ್ರಿ ಊಟಕ್ಕೆ ಕೂತಾಗ ಮಾತಿರಲಿಲ್ಲ. ಧೀರೇಂದ್ರ ಇಬ್ಬರ ಮುಖವನ್ನೂ ನೋಡಿ ತನ್ನ ಪಶು ಆಸ್ಪತ್ರೆಗೆ ಬಂದ ಎಮ್ಮೆಯ ಕಥೆ ಹೇಳಿದ. ಎಮ್ಮೆ ಹೆಚ್ಚು ಸಮಾಧಾನದಿಂದ ಇತ್ತೆಂದು ಕಾಣುತ್ತದೆ.

ಒಂದು ವಿಚಾರ ಮಾತ್ರ ಹೋಗುತ್ತಿಲ್ಲ. ಹಾಡಿನಲ್ಲಿ ಸುಳ್ಳು ಹೇಳಬಾರದು ಎಂದು ನಾನೇ ಅವಳಿಗೆ ಹೇಳಿದ್ದೆ. ಅವರ ಮಡದಿ ಎಂಬುದು ಸುಳ್ಳೇ? ಅವರು ಹೋದರು, ಸರಿ. ಹಾಗಾದರೆ ನಾನು ಈಗ ಯಾರ ಮಡದಿ? ಗಂಡ ಸತ್ತರೆ ಮಕ್ಕಳು ಮಕ್ಕಳಲ್ಲ ಎನ್ನುವುದಿಲ್ಲ, ಅತ್ತೆ ಅತ್ತೆಯಲ್ಲ ಎನ್ನುವುದಿಲ್ಲ, ಮಡದಿ ಮಾತ್ರ ಮಡದಿಯಲ್ಲ.

ಏಪ್ರಿಲ್ ೧೪, ಸೋಮವಾರ

ಲಗ್ನಪತ್ರಿಕೆ ಬಂತು. ಕೊನೆಗೆ ‘ಪರಂಪರಾಗತ ಸಂಪ್ರದಾಯದ ಹಾಡುಗಳು’ ಎಂದು ಅಚ್ಚು ಹಾಕಿಸಿದ್ದಾರೆ. ಬಯಸುವವರ ಹೆಸರುಗಳಲ್ಲಿ ನನ್ನದೂ ಇದೆ, ಕೆಳಗೆ. ಇಷ್ಟು ವರ್ಷ ‘ಸೌ.’ ಎಂದಿರುತ್ತಿತ್ತು, ಈಗ ‘ಗಂ. ಭಾ.’ ಎಂದಿದೆ. ವಿಧವೆ ಎನ್ನಲು ಬಾಯಿ ಬಾರದವರು ಗಂಗಾಭಾಗೀರಥಿ ಎಂದರು. ಗಂಗೆ, ಭಾಗೀರಥಿ ಎರಡೂ ನನ್ನ ಹೆಸರಿನ ಮುಂದೆ ಹರಿಯುತ್ತಿವೆ, ನಡುಮನೆಗೆ ಹೋಗಲು ದೋಣಿ ಒಂದಿಲ್ಲ. ಇದನ್ನು ದೀಪ್ತಿಗೆ ಓದಿ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. ಆದರೆ ಮಾತು ಶುರುವಾಯಿತು.

ನಾಳೆಯಿಂದ ಅವಳಿಗೆ ಉತ್ತರಪತ್ರಿಕೆ ತಿದ್ದುವ ಡ್ಯೂಟಿ, ಧಾರವಾಡದಲ್ಲಿ. ಹೊಸ ಹಾಡನ್ನು ಅಂಬುಜಾಗೆ ಕಳಿಸಬೇಕಿತ್ತು, ಅವಳಿಗೆ ಪುರಸೊತ್ತಿಲ್ಲ. ಎರಡೂ ಹಾಡು ನನ್ನ ಮೊಬೈಲಿಗೆ ಹಾಕಿ, ಕಳಿಸುವುದು ಹೇಗೆಂದು ತೋರಿಸಿದಳು. “ಕರೆಯುವ ಹಾಡು ಒಂದು, ಕರೆಯುವ ಹಾಡು ಎರಡು ಅಂತ ಹೆಸರು ಇಟ್ಟೇನಿ. ಎರಡನೇದು ಕಳಸ್ರಿ. ಹಳೇದನ್ನ ಅವರು ಅಳಿಸ್ಯಾರ.”

ಅವಳು ಮಲಗಿದ ಮೇಲೆ ಕನ್ನಡಕ ಒರೆಸಿ ಹಾಕಿಕೊಂಡು ಕೂತೆ. ಕಳಿಸಿದೆ. ಹೋಯಿತು ಎಂದು ಎರಡು ಗೀಟು ಮೂಡಿದವು. ಅಂಬುಜಾ ಕೂಡಲೇ ಕೈಮುಗಿಯುವ ಚಿತ್ರ ಕಳಿಸಿದಳು. ತಿರುಗಿ ಕೇಳಿ ನೋಡುವಷ್ಟು ವ್ಯವಧಾನ ಮದುವೆಮನೆಯಲ್ಲಿ ಯಾರಿಗಿರುತ್ತದೆ.

ಇವತ್ತು ನಿದ್ದೆ ಬರುವಂತೆ ಕಾಣುತ್ತದೆ.

ಏಪ್ರಿಲ್ ೨೯, ಮಂಗಳವಾರ, ಶಿಗ್ಗಾಂವ

ಬಂದು ಮುಟ್ಟಿದೆವು. ನನಗೆ ಮಂಟಪದ ಹಿಂದಿನ ಕೋಣೆ ಕೊಟ್ಟಿದ್ದಾರೆ, ಗಾಳಿ ಬೆಳಕು ಚೆನ್ನಾಗಿದೆ ಎಂದರು. ಹೌದು, ಚೆನ್ನಾಗಿದೆ. ಅಡುಗೆಯ ಹೊಗೆಯೂ ಚೆನ್ನಾಗಿ ಬರುತ್ತದೆ. ಸಂಪದಾ ಕೈ ತುಂಬ ಮೆಹಂದಿ ಹಚ್ಚಿಕೊಂಡು ಬಂದು, “ದೊಡ್ಡವ್ವಾ, ನಿನ್ನ ಹಾಡು ಕೇಳಿ ಅಳು ಬಂತು,” ಎಂದಳು. ಆರಲಿ ಎಂದು ಅವಳ ಕೈಗೆ ಊದುತ್ತ ಕೂತೆ.

ಮೇ ೧, ಗುರುವಾರ

ಹಾನಗಲ್ಲಿಗೆ ಬಂದೆವು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಾಳೆ ಯಾರಾದರೂ ಬೇರೆ ಹೇಳಿದರೆ ನನಗಾದರೂ ಗೊತ್ತಿರಲಿ.

ನಿನ್ನೆ ಬೆಳಿಗ್ಗೆ ಎದ್ದು ಸ್ನಾನ ಮಾಡಿ ಹಿಂದಿನ ಪಡಸಾಲೆಯಲ್ಲಿ ಕೂತೆ. ಅಲ್ಲಿ ಹಿರೇಬೆಂಡಿಗೇರಿಯ ಒಬ್ಬ ಹೆಂಗಸು ಬಾಳೆಎಲೆ ಒರೆಸುತ್ತಿದ್ದಳು. ಶಂಕ್ರವ್ವ ಎಂದು ಹೆಸರು. ಅಡುಗೆಯವರು ಕೂಲಿಗೆ ಕರೆತಂದಿದ್ದರು. ಹಣೆ ಬರಿದು, ನನ್ನ ಹಾಗೇ. ಸುಮ್ಮನೆ ಕೂರಲಾಗದೆ ನಾನೂ ಒಂದು ಅರಿವೆ ತೆಗೆದುಕೊಂಡು ಎಲೆ ಒರೆಸಿದೆ. ನೀವ್ಯಾಕ್ರಿ ಎಂದಳು, ಆಮೇಲೆ ಬಿಟ್ಟಳು.

ಒಳಗೆ ಬಾಕ್ಸಿನಲ್ಲಿ ಹಾಡು ಶುರುವಾಯಿತು. ಮದುಮಗಳು ಬರುವ ಹಾಡು. ಎತ್ತಿನ ಬಂಡಿಯದೇ. ಸಂಪದಾ ಬಂದದ್ದು ಕಾರಿನಲ್ಲಿ.

ಶಂಕ್ರವ್ವ ಕೈ ನಿಲ್ಲಿಸಿ ಕೇಳಿದಳು. “ಯಾರ್ರೀ ಇದು ಹಾಡಾಕತ್ತಾರ? ಛಲೋ ಧ್ವನಿ ಐತಿ.”

“ಯಾರೋ ಮನಿಯವರು,” ಎಂದೆ.

“ತೀರಿಕೊಂಡಾರೇನ್ರಿ?”

“ಯಾಕ ಹಂಗ ಕೇಳ್ತಿ?”

“ಅಲ್ರಿ, ಜೀವಂತ ಇದ್ದಿದ್ರ ಅವರ ಬಂದು ಹಾಡ್ತಿದ್ರಲ್ಲ. ಪೆಟ್ಟಿಗ್ಯಾಗ ಯಾಕ ಹಚ್ಚತಿದ್ರು?” ಎಂದು ಮತ್ತೊಂದು ಎಲೆ ಎತ್ತಿಕೊಂಡಳು.

ಅವಳು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಸತ್ತವರ ಫೋಟೋಕ್ಕೆ ಹಾರ ಹಾಕುತ್ತಾರೆ, ಸತ್ತವರ ಹಾಡು ಹಚ್ಚುತ್ತಾರೆ, ಅವಳಿಗೆ ಕಂಡದ್ದು ಅಷ್ಟೆ. ಕೈಯಲ್ಲಿದ್ದ ಎಲೆ ಉದ್ದಕ್ಕೂ ಸೀಳಿತು.

ಅಷ್ಟರಲ್ಲಿ ಕರೆಯುವ ಹಾಡು ಬಂತು. ಯಾರು ಬಂದರು ಬಾಗಿಲಿಗೆ, ದೀಪ ಹಿಡಿದವರ್ಯಾರು. ನಾನು ಎದ್ದೆ. ಯಾಕೆ ಎದ್ದೆ ಎಂದು ದೀಪ್ತಿ ಆಮೇಲೆ ಕೇಳಿದಳು. ಕರೆದರೆ ಏಳಬೇಕಲ್ಲ? ಬಾಕ್ಸಿನಿಂದ ಅವರ ಹೆಸರು ಬಂತು, ಆಮೇಲೆ ನನ್ನದು. ಇಡೀ ಮಂಟಪಕ್ಕೆ ಕೇಳುವ ಹಾಗೆ ಬಂತು. ಇಷ್ಟು ದೊಡ್ಡದಾಗಿ ಆ ಹೆಸರನ್ನು ನಾನೂ ಎಂದೂ ಹೇಳಿರಲಿಲ್ಲ.

ನಾನು ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಹೊಸ್ತಿಲ ತನಕ ಬಂದೆ. ಮಂಟಪದ ನಡುವೆ ಹಸೆಮಣೆ, ಅದರ ಮೇಲೆ ಸಂಪದಾ. ಆರತಿ ತಟ್ಟೆ ಹಿಡಿದ ಅಂಬುಜಾ ಒಂದು ಕಾಲು ಮುಂದಿಟ್ಟವಳು ಅಲ್ಲೇ ನಿಂತಿದ್ದಳು, ಮೊದಲ ಹೆಸರು ತನ್ನದೆಂದು ಹೊರಟಿದ್ದಳು ಪಾಪ. ಸವಣೂರಿನ ಮುದುಕಿಯರು, ನನ್ನ ಜೊತೆ ಸೊಲ್ಲು ಹಿಡಿಯುತ್ತಿದ್ದವರು, ರೂಢಿಯಂತೆ ಸರಿದು ನಡುವೆ ಜಾಗ ಮಾಡಿದರು. ಯಾರೂ ಯೋಚನೆ ಮಾಡಿ ಸರಿದದ್ದಲ್ಲ. ದಾರಿ ಬಿಡಿರವ್ವ ಎಂದರೆ ಬಿಡುವುದು, ಅಷ್ಟೆ.

ಆದರೆ ಮೂರು ಸಲ ಮುಗಿಯಿತು. ಮೊಬೈಲು ನನ್ನನ್ನು ಕಾಯಲಿಲ್ಲ. ನಾನೇ ಹಾಡಿದ ಹಾಡು, ನನ್ನನ್ನು ಕರೆದು, ನಾನು ಹೊಸ್ತಿಲು ದಾಟುವ ಮೊದಲೇ ಎರಡನೆಯ ಹೆಸರಿಗೆ ಹೋಗಿಬಿಟ್ಟಿತು.

ಅದು ತಪ್ಪು. ಕರೆದವಳು ಬರುವ ತನಕ ಸಾಲು ಮುಂದೆ ಹೋಗಬಾರದು. ಅದಕ್ಕೇ ಹಾಡಿದೆ, ಬೇರೇನೂ ಉದ್ದೇಶವಿರಲಿಲ್ಲ. ಹೊಸ್ತಿಲ ಮೇಲೆ ನಿಂತು ನನ್ನ ಸಾಲನ್ನು ತಿರುಗಿ ಎತ್ತಿಕೊಂಡೆ. ಧ್ವನಿ ಮೊದಲು ಒಡೆಯಿತು, ಆಮೇಲೆ ಕೂತಿತು. ‘ದಾರಿ ಬಿಡಿರವ್ವ’ ಎಂಬಲ್ಲಿಗೆ ಬಂದಾಗ ಮುದುಕಿಯರು ಸೊಲ್ಲು ಹಿಡಿದರು. ಅವರ ಬಾಯಿಗೂ ಮೂವತ್ತು ವರ್ಷದ ರೂಢಿ. ಒಂದು ಗಳಿಗೆ, ಒಂದೇ ಗಳಿಗೆ, ಬಾಕ್ಸಿನ ಹಾಡು ಯಾರಿಗೂ ಕೇಳಿಸಲಿಲ್ಲ.

ಬೀಗರ ಕಡೆಯ ಹೆಂಗಸೊಬ್ಬರು ಪಕ್ಕದವರ ಕಿವಿಗೆ ಏನೋ ಹೇಳಿದರು. ಸುಯಮೀಂದ್ರ ದಾಪುಗಾಲು ಹಾಕುತ್ತ ಬಂದ. ನನ್ನ ಹತ್ತಿರ ಬರಲಿಲ್ಲ, ಬಾಕ್ಸಿನ ಹತ್ತಿರ ಹೋದ. ನನ್ನ ಕಡೆ ನೋಡದೆ, ಮೆಲ್ಲಗೆ, ಕೂಸಿಗೆ ಹೇಳುವ ಹಾಗೆ ಹೇಳಿದ. “ವೈನಿ, ಈಗ ಬ್ಯಾಡ್ರಿ. ಹಾಡು ಹಚ್ಚೇವಲ್ರಿ.”

ಹೇಳಿ ಬಾಕ್ಸಿನ ಧ್ವನಿ ಏರಿಸಿದ.

ಪೆಟ್ಟಿಗೆಯೊಳಗಿನ ಕೃಷ್ಣಾಬಾಯಿ ಗೋಡೆ ಅದುರುವ ಹಾಗೆ ಹಾಡಿದಳು. ಅವಳ ಮುಂದೆ ನನ್ನ ಧ್ವನಿ ಎಷ್ಟರದು. ಮುದುಕಿಯರು ಒಬ್ಬೊಬ್ಬರಾಗಿ ಸುಮ್ಮನಾದರು. ನಾನು ಇನ್ನೊಂದು ಸಲ ಹಾಡಿದೆ, ತುಟಿ ಅಲ್ಲಾಡಿದ್ದು ನನಗೆ ಮಾತ್ರ ಗೊತ್ತು. ಸರಿದವರು ತಿರುಗಿ ಕೂಡಿಕೊಂಡರು. ಅಂಬುಜಾ ತಟ್ಟೆ ಹಿಡಿದು ನನ್ನ ಮುಂದಿನಿಂದಲೇ ಹೋದಳು, ಒಂದು ಬತ್ತಿ ಆರಿತ್ತು. ಸಂಪದಾ ತಲೆ ಬಗ್ಗಿಸಿ ಕೂತಿದ್ದಳು. ನೋಡಿದಳೋ ಇಲ್ಲವೋ ಬಾಸಿಂಗದ ಮರೆಯಲ್ಲಿ ತಿಳಿಯಲಿಲ್ಲ.

ಮೂರನೆಯದಾಗಿ ದೀಪ್ತಿಯ ಹೆಸರು ಬಂತು. ಅವಳು ಹೋಗಲಿಲ್ಲ. ತಟ್ಟೆ ಕೆಳಗಿಟ್ಟು ನನ್ನ ಪಕ್ಕ ಬಂದು ನಿಂತಳು. ಹುಚ್ಚಿ. ಹಾಡು ಅವಳಿಗೂ ಕಾಯಲಿಲ್ಲ.

ಹಿಂದಿನ ಪಡಸಾಲೆಗೆ ತಿರುಗಿ ಬಂದಾಗ ಶಂಕ್ರವ್ವ ಎಲೆಗಳನ್ನು ಒಟ್ಟಿ ಮುಗಿಸಿದ್ದಳು. ನನ್ನ ಮುಖ ನೋಡಿ, ಬಾಕ್ಸಿನ ಕಡೆ ನೋಡಿ, ತಿಳಿದುಕೊಂಡಳು. ಒಂದು ತಂಬಿಗೆ ನೀರು ತಂದು ಎದುರಿಗಿಟ್ಟಳು.

ಊಟದ ಪಂಕ್ತಿಯಲ್ಲಿ ಬೀಗರು ಸುಯಮೀಂದ್ರನನ್ನು ಹೊಗಳುತ್ತಿದ್ದರಂತೆ, ಈ ಕಾಲದಲ್ಲೂ ಎಷ್ಟು ಛಲೋ ಪರಂಪರಾ ಉಳಿಸೀರಿ ಎಂದು. ಧೀರೇಂದ್ರ ಬಂದು ಹೇಳಿದ. ಹೇಳಬಾರದಿತ್ತು.

ಮನೆಗೆ ಬಂದ ಮೇಲೆ ದೀಪ್ತಿ, “ಅತ್ತ್ಯಾರ, ಎರಡನೇದು ಕಳಸ್ರಿ ಅಂದಿದ್ದೆ,” ಎಂದಳು.

“ನನಗೇನು ಗೊತ್ತಾಗ್ತದವ್ವಾ ಆ ಮೊಬೈಲು,” ಎಂದೆ.

ಅವಳು ನನ್ನನ್ನೇ ನೋಡುತ್ತ ನಿಂತಿದ್ದಳು. ಮಾಸ್ತರಿಕೆಯವರು ಹಾಗೇ ನೋಡುತ್ತಾರೆ.

ಮೇ ೯, ಶುಕ್ರವಾರ

ಹಿರೇಕೆರೂರಿನಿಂದ, ಅಂಬುಜಾಳ ತಂಗಿಯ ಮನೆಯಿಂದ ಫೋನು. ಅವರಲ್ಲಿ ಮುಂದಿನ ವಾರ ಮದುವೆ. ಹಾಡು ಭಾಳ ಸೇರಿದವಂತೆ. ಹೆಸರಷ್ಟೇ ಬದಲಿಸಿ ಹಾಡಿ ಕಳಿಸಬೇಕಂತೆ. ದೀಪ್ತಿ ಫೋನಿನ ಬಾಯಿ ಮುಚ್ಚಿಕೊಂಡು ನನ್ನ ಕಡೆ ನೋಡಿದಳು.

“ಹಾಡು ಕಳಸೂದಿಲ್ಲ ಅಂತ ಹೇಳು. ಬೇಕಾದ್ರ ಹಾಡವಳನ್ನ ಕರೀರಿ, ಬರ್ತಾಳ ಅಂತ ಹೇಳು.”

ಹೇಳಿದಳು, ನಾನು ಅಂದದ್ದನ್ನು ಅಂದ ಹಾಗೇ. ಆ ಕಡೆಯವರು “ಇರ್ಲಿ ಬಿಡ್ರಿ, ಅವರಿಗ್ಯಾಕ ತ್ರಾಸ. ಯೂಟ್ಯೂಬಿನ್ಯಾಗ ಬೇಕಾದಷ್ಟು ಸಿಗ್ತಾವ,” ಎಂದು ಇಟ್ಟರಂತೆ.

ಸಿಗುತ್ತವೆ. ನಾನಿಲ್ಲದಿದ್ದರೆ ಮದುವೆ ನಿಲ್ಲುತ್ತದೆ ಎಂದು ಎಲ್ಲೋ ಅಂದುಕೊಂಡಿದ್ದೆನೇನೋ. ನಿಲ್ಲುವುದಿಲ್ಲ. ಯಾರದೋ ಊರಿನ ಯಾರೋ ಹಾಡುತ್ತಾರೆ, ಅದರಲ್ಲಿ ಯಾರ ಹೆಸರೂ ಇರುವುದಿಲ್ಲ, ಯಾರಿಗೂ ಕಾಯುವ ಪ್ರಶ್ನೆಯೂ ಇಲ್ಲ. ಅದಕ್ಕೂ ಪರಂಪರೆ ಎಂದೇ ಅಚ್ಚು ಹಾಕಿಸುತ್ತಾರೆ.

ಮೊಬೈಲಿನ ಹಾಡುಗಳನ್ನೆಲ್ಲ ಅಳಿಸು ಎಂದೆ. ದೀಪ್ತಿ ಪ್ರಬಂಧದ ಮಾತೆತ್ತಲಿಲ್ಲ. ಒಂದೊಂದಾಗಿ ಅಳಿಸಿದಳು. ಮುಗಿದ ಮೇಲೆ ನೆಲದ ಮೇಲೆ ನನ್ನೆದುರಿಗೆ ಕೂತು, “ಈಗ ನನಗ ಕಲಸ್ರಿ,” ಎಂದಳು. ನಿನ್ನ ಧ್ವನಿ ಕಾಗೆಯದು ಎಂದೆ. ಇರಲಿ ಎಂದಳು.

ಸಂಜೆ ದೇವರ ಮುಂದೆ ದೀಪ ಹಚ್ಚಿ ಕರೆಯುವ ಹಾಡನ್ನೇ ಮೊದಲು ತೆಗೆದುಕೊಂಡೆ.

ಯಾರು ಬಂದರು ಬಾಗಿಲಿಗೆ, ದೀಪ ಹಿಡಿದವರ್ಯಾರು
ವಾದಿರಾಜರ ಮಡದಿ ಕೃಷ್ಣಾಬಾಯಿ ಬಂದಾಳು
ದಾರಿ ಬಿಡಿರವ್ವ, ದಾರಿ ಬಿಡಿರಿ

ಅವಳು ಸೊಲ್ಲು ಹಿಡಿದಳು, ಕೆಟ್ಟದಾಗಿ. ತಿರುಗಿ ಹಾಡಿದೆವು, ಮತ್ತೆ ತಿರುಗಿ. ದೀಪಕ್ಕೆ ಒಮ್ಮೆ ಎಣ್ಣೆ ಹಾಕಿದೆ. ಕತ್ತಲಾಯಿತು. ಮುಂದಿನ ಸಾಲು ಯಾವಾಗ ಅತ್ತ್ಯಾರ ಎಂದು ಕೇಳಿದಳು. ಕರೆದವಳು ಇನ್ನೂ ಹೊಸ್ತಿಲು ದಾಟಿಲ್ಲ, ಅವಳು ಬರುವ ತನಕ ಮುಂದೆ ಹೋಗಬಾರದು ಎಂದು ಹೇಳಿದೆ. ನಾನು ಪದ್ಧತಿ ಬಿಟ್ಟವಳಲ್ಲ.